ಕಾಲೇಜನ್ನು ಆರಿಸುವಾಗ ಆಟದ ಬಯಲನ್ನೂ ನೋಡಿರಿ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲಿನ ಕೆಲವು ವಾರಗಳು ನಮ್ಮ ಭಾಗದ ಮನೆಗಳಲ್ಲಿ ತಳಮಳದ ದಿನಗಳು. ಬಿತ್ತನೆಯ ಬೀಜದ ಚಿಂತೆ ಒಂದು ಕಡೆಗಾದರೆ, ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬ ಚಿಂತೆ ಇನ್ನೊಂದು ಕಡೆಗೆ. ಈ ದಿನಗಳಲ್ಲಿ ನಮ್ಮಲ್ಲಿಗೆ ಹಳಗನ್ನಡದ ಪಾಠ ಕೇಳಲು ಬರುವವರಿಗಿಂತ ಅಂಕಪಟ್ಟಿ ಹಿಡಿದುಕೊಂಡು ಬರುವವರೇ ಹೆಚ್ಚು. ಮಠದಲ್ಲಿ ಓದಿದವರಿಗೆ ಇದೂ ತಿಳಿದಿರುತ್ತದೆಂಬುದು ಅವರ ವಿಶ್ವಾಸ. ಆ ವಿಶ್ವಾಸಕ್ಕೆ ನಾವು ಎಷ್ಟರಮಟ್ಟಿಗೆ ಯೋಗ್ಯರೆಂಬುದನ್ನು ಈ ಲೇಖನದಲ್ಲಿಯೇ ಓದುಗರು ಕಾಣಬಹುದು.

ಕಳೆದ ವರ್ಷ ಜೂನ್ ತಿಂಗಳ ಒಂದು ಮಧ್ಯಾಹ್ನ ಹುಮನಾಬಾದದಿಂದ ಪರಿಚಿತರೊಬ್ಬರು ತಮ್ಮ ಮಗಳೊಡನೆ ಬಸವಕಲ್ಯಾಣದ ನಮ್ಮ ಮನೆಗೆ ಬಂದರು. ಅವರದು ಅಲ್ಲಿಯ ಪೇಟೆಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಮಗಳು ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದು, ಕಲಬುರಗಿಯಲ್ಲಿ ಬಿ.ಎಸ್‌ಸಿ. ಓದಬೇಕೆಂದು ನಿಶ್ಚಯಿಸಿದ್ದಳು. ಅಲ್ಲಿಯ ವರೆಗೆ ತಂದೆ-ಮಗಳಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಭಿನ್ನಾಭಿಪ್ರಾಯವಿದ್ದುದು ಆ ಊರಿನ ಎರಡು ಕಾಲೇಜುಗಳಲ್ಲಿ ಯಾವುದೆಂಬ ವಿಷಯದಲ್ಲಿ.

“ಗುರುಗಳೆ, ಒಂದರಾಗ ರಿಜಲ್ಟ್ ಛಲೋ ಅದ, ಬಿಲ್ಡಿಂಗ್ ಛಲೋ ಅದ. ಇನ್ನೊಂದರಾಗ ಖೋಖೋ ಅದ ಅಂತಾಳ್ರಿ. ಮಗಳಿಗಿ ಓದಲಿಕ್ಕ ಕಳಸಬೇಕೋ, ಆಡಲಿಕ್ಕ ಕಳಸಬೇಕೋ, ನೀವೇ ಹೇಳ್ರಿ” ಎಂದರು ತಂದೆ.

ಹುಡುಗಿ ತಾಲ್ಲೂಕು ಮಟ್ಟದಲ್ಲಿ ಎರಡು ವರ್ಷ, ಜಿಲ್ಲಾ ಮಟ್ಟದಲ್ಲಿ ಒಂದು ವರ್ಷ ಖೋಖೋ ಆಡಿದವಳು. ಅವಳು ತಲೆಯೆತ್ತದೆ ಹೇಳಿದ ಮಾತು ನಮ್ಮ ಕಿವಿಯಲ್ಲಿ ಉಳಿದಿದೆ: “ಅಜ್ಜಾರ, ಎರಡೂ ಕಡೆ ಅದೇ ಪುಸ್ತಕ ಓದೋದ್ರಿ. ಸಂಜಿಮುಂದ ನಾ ಏನ್ ಮಾಡ್ಲಿ?”

ಇದು ಉಡಾಫೆಯ ಮಾತಲ್ಲ. ಹದಿನೆಂಟು ವರ್ಷದ ಮಗು ತಾಯಿಯ ಕೈಯಡುಗೆಯಿಂದಲೂ ಪರಿಚಿತ ಓಣಿಯಿಂದಲೂ ದೂರವಾಗಿ ಮೂರು ವರ್ಷ ಕಳೆಯಬೇಕಾಗಿರುವಾಗ, ಪಾಠ ಮುಗಿದ ಮೇಲಿನ ಸಂಜೆಗಳ ಗತಿಯೇನೆಂಬುದು ನಿಜವಾದ ಪ್ರಶ್ನೆ. ಪಾಲಕರಾದ ನಾವು ಶುಲ್ಕವನ್ನು ಕೇಳುತ್ತೇವೆ, ಫಲಿತಾಂಶದ ಪ್ರತಿಶತವನ್ನು ಕೇಳುತ್ತೇವೆ, ವಸತಿಗೃಹದ ಊಟವನ್ನು ಕೇಳುತ್ತೇವೆ. ಸಂಜೆಯನ್ನು ಮಾತ್ರ ಕೇಳುವುದಿಲ್ಲ.

ಆ ಹೊತ್ತಿಗೆ ನಾವು ಕೂಡಲೆ ಉತ್ತರ ಹೇಳಲಿಲ್ಲ. ಹೇಳದಿರುವುದಕ್ಕೆ ಒಂದು ಕಾರಣವಿತ್ತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಪ್ರಶ್ನೆಗೆ ನಾವು ಕೂಡಲೆ ಉತ್ತರ ಹೇಳಿದ್ದೆವು, ಆ ಉತ್ತರ ತಪ್ಪಾಗಿತ್ತು.

ಅಂದು ಬಂದವನು ನಮ್ಮದೇ ಓಣಿಯ ಹುಡುಗ. ಬುದ್ಧಿವಂತ, ಜೊತೆಗೆ ಕಬಡ್ಡಿಯ ಹುಚ್ಚು. ಮನೆಯಲ್ಲಿ ಎರಡು ಕಾಲೇಜುಗಳ ಮಾತು ನಡೆದಿತ್ತು. ನಾವು ದೊಡ್ಡವರಂತೆ ಗಂಭೀರವಾಗಿ, “ಆಟ ಊರಿನಲ್ಲಿಯೂ ಆಡಬಹುದು, ವಿದ್ಯೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಕಳುಹಿಸಿರಿ; ಫಲಿತಾಂಶವೊಂದನ್ನೇ ನೋಡಿರಿ” ಎಂದೆವು. ನಮ್ಮ ಮಾತಿನಂತೆ ಅವನನ್ನು ದೂರದ ದೊಡ್ಡ ನಗರದ ಒಂದು ಕಾಲೇಜಿಗೆ ಸೇರಿಸಿದರು. ರಸ್ತೆಯ ಅಂಚಿನ ಮೂರಂತಸ್ತಿನ ಕಟ್ಟಡ, ಕೆಳಗೆ ಅಂಗಡಿಗಳ ಸಾಲು, ಮೇಲೆ ತರಗತಿಗಳು, ಬಯಲೆಂಬುದು ಇಲ್ಲ. ಮಧ್ಯಾಹ್ನ ಪಾಠ ಮುಗಿದರೆ ಹುಡುಗರು ಮೆಟ್ಟಿಲಿಳಿದು ಚದುರಿಬಿಡುತ್ತಿದ್ದರು. ಇವನಿಗೆ ತರಗತಿ ಗೊತ್ತು, ಬಾಡಿಗೆಯ ಕೋಣೆ ಗೊತ್ತು, ನಡುವಿನ ದಾರಿ ಗೊತ್ತು. ಮನುಷ್ಯರು ಯಾರೂ ಗೊತ್ತಾಗಲಿಲ್ಲ. ದಸರೆಯ ರಜೆಗೆಂದು ಊರಿಗೆ ಬಂದವನು ತಿರುಗಿ ಹೋಗಲೊಲ್ಲೆನೆಂದು ಕುಳಿತ. ಬೈದರು, ತಿಳಿಹೇಳಿದರು, ನಮ್ಮನ್ನು ಕರೆಸಿ ಹೇಳಿಸಿದರು. ಹುಡುಗ ಉತ್ತರ ಕೊಡದೆ ಗೋಡೆ ನೋಡುತ್ತಿದ್ದ. ಆ ವರ್ಷ ವ್ಯರ್ಥವಾಯಿತು. ಮರುವರ್ಷ ಹತ್ತಿರದ ಸಾಮಾನ್ಯ ಕಾಲೇಜೊಂದಕ್ಕೆ ಸೇರಿ, ಅಲ್ಲಿಯ ಕಬಡ್ಡಿ ತಂಡದಲ್ಲಿ ಆಡಿ, ಪದವಿ ಮುಗಿಸಿ, ಇಂದು ಶಿಕ್ಷಕನಾಗಿದ್ದಾನೆ. ಎದುರಾದಾಗ ಇಂದಿಗೂ ನಮಸ್ಕರಿಸುತ್ತಾನೆ. ಒಂದು ದಿನವೂ ನಮ್ಮನ್ನು ಆಕ್ಷೇಪಿಸಿದವನಲ್ಲ. ಆದರೆ ಆ ಒಂದು ವರ್ಷದ ಸಾಲ ನಮ್ಮ ಮೇಲೆ ಉಳಿದಿದೆಯೆಂದೇ ನಾವು ಭಾವಿಸಿದ್ದೇವೆ.

ನಾವು ಮಾಡಿದ ತಪ್ಪು ಯಾವುದು? ವಿದ್ಯೆಯನ್ನು ದೊಡ್ಡದೆಂದದ್ದು ತಪ್ಪಲ್ಲ. ಆಟವನ್ನು ವಿದ್ಯೆಯಿಂದ ಹೊರಗೆ ನಿಲ್ಲಿಸಿದ್ದು ತಪ್ಪು. ವಿಚಿತ್ರವೆಂದರೆ ಈ ತಪ್ಪು ಮಾಡಲು ನಮಗೆ ಯಾವ ಅಧಿಕಾರವೂ ಇರಲಿಲ್ಲ. ನಾವು ಬೆಳೆದದ್ದು ಹಾಗಲ್ಲ. ಬಾಲ್ಯದಲ್ಲಿ ನಾವು ಒಂದು ಮಠದ ಪ್ರಸಾದ ನಿಲಯದಲ್ಲಿದ್ದೆವು. ಬೆಳಗಿನ ಜಾವದಲ್ಲಿ ಅಮರಕೋಶ, ಹಗಲು ಶಾಲೆ, ಸಂಜೆ ಮಠದ ಹಿಂದಿನ ಬಯಲಿನಲ್ಲಿ ಹುತುತು. ಆಡಲು ಬಾರದವರೂ ನಮ್ಮಲ್ಲಿದ್ದರು. ನಾವೇ ಆ ಗುಂಪಿನವರು. ಅವರಿಗೂ ಗುರುಗಳು ಕೆಲಸ ಹಂಚುತ್ತಿದ್ದರು. ಒಬ್ಬ ಗೆರೆ ಎಳೆಯಬೇಕು, ಒಬ್ಬ ಎಣಿಕೆ ಹೇಳಬೇಕು, ಒಬ್ಬ ನೀರಿನ ಕೊಡ ತರಬೇಕು. ಸೋತ ಪಕ್ಷದವರೂ ಗೆದ್ದ ಪಕ್ಷದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಆ ದಿನದ ಆಟದ ವಿಮರ್ಶೆ ನಡೆಯುತ್ತಿತ್ತು. ಅಮರಕೋಶದ ಅರ್ಧ ಮರೆತಿದೆ; ಆ ಪಂಕ್ತಿಯಲ್ಲಿ ನಮ್ಮ ಬಲಕ್ಕೆ ಯಾರು, ಎಡಕ್ಕೆ ಯಾರೆಂಬುದು ಮರೆತಿಲ್ಲ. ಇಂದಿನವರು ಕಾಲೇಜಿನ ಅಭಿಮಾನವೆಂದು ಕರೆಯುವುದು ಇದನ್ನೇ ಇರಬೇಕು. ‘ಇದು ನಮ್ಮದು, ಇಲ್ಲಿ ನನಗೊಂದು ಜಾಗವಿದೆ, ನಾನು ಬಾರದಿದ್ದರೆ ಕೇಳುವವರಿದ್ದಾರೆ’ ಎಂಬ ಭಾವ.

ಆಟವು ಓದಿನ ಶತ್ರುವೆಂಬ ನಂಬಿಕೆ ನಮ್ಮ ನಾಡಿನದಲ್ಲವೆಂಬುದಕ್ಕೆ ಬಸವಕಲ್ಯಾಣದಲ್ಲಿಯೇ ಸಾಕ್ಷಿಯಿದೆ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ವಿಶ್ವಕೋಶ. ರಾಜನೀತಿ, ವೈದ್ಯ, ಪಾಕಶಾಸ್ತ್ರ, ಸಂಗೀತಗಳನ್ನು ನಿರೂಪಿಸುವ ಆ ಗ್ರಂಥದ ಐದು ಭಾಗಗಳಲ್ಲಿ ಕೊನೆಯ ಎರಡು ಭಾಗಗಳು ವಿನೋದ ಮತ್ತು ಕ್ರೀಡೆಗಳಿಗೇ ಮೀಸಲು. ಮಲ್ಲರ ವರ್ಗಗಳು, ಅವರ ಆಹಾರ, ಅವರ ಅಭ್ಯಾಸಗಳೆಲ್ಲ ಅಲ್ಲಿ ವರ್ಣಿತವಾಗಿವೆ. ಅರಸನಾದವನು ಕುಸ್ತಿಯ ಪಟ್ಟುಗಳನ್ನು ರಾಜಧರ್ಮದ ಪಕ್ಕದಲ್ಲಿ ಕುಳ್ಳಿರಿಸಲು ಸಂಕೋಚಪಡಲಿಲ್ಲ. ನಮ್ಮ ಜಾತ್ರೆಗಳಲ್ಲಿ ಇಂದಿಗೂ ಜಂಗಿ ಕುಸ್ತಿ ನಡೆದಾಗ ಊರಿಗೆ ಊರೇ ನೆರೆಯುತ್ತದೆ. ಅದೇ ಊರಿನ ಪಾಲಕರು ಮಗ ಕಾಲೇಜಿನಲ್ಲಿ ಆಡುತ್ತಾನೆಂದು ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ.

ಇನ್ನು ಹೊರಗಿನ ಲೋಕವನ್ನು ನೋಡೋಣ. ನಮ್ಮ ಕುಟುಂಬಗಳ ಮಕ್ಕಳು ಈಗ ಉನ್ನತ ವ್ಯಾಸಂಗಕ್ಕೆ ಅಮೇರಿಕೆಗೆ ಹೋಗುತ್ತಿದ್ದಾರೆ. ಅಲ್ಲಿ ಕಾಲೇಜಿನ ತಂಡವನ್ನು ನೋಡಿ ಕಾಲೇಜನ್ನು ಆರಿಸಿಕೊಳ್ಳುವವರು ಅನೇಕರು. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. 2011ರ ಜನಗಣತಿಯಲ್ಲಿ ನಮ್ಮ ಬಸವಕಲ್ಯಾಣ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ. ಇಡೀ ಊರು ಹೋಗಿ ಕುಳಿತರೂ ಅಲ್ಲಿ ಜಾಗ ಉಳಿಯುತ್ತದೆ. ಅಷ್ಟು ಜನ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಕೂಗು ಕೂಗುವ ದೃಶ್ಯ ನೋಡಿದವರ ಮೈ ನವಿರೇಳುವುದು ಸಹಜ. 2021ರಿಂದ ಅಲ್ಲಿಯ ಆಟಗಾರ ವಿದ್ಯಾರ್ಥಿಗಳು ತಮ್ಮ ಹೆಸರಿನ ಮೇಲೆ ಜಾಹೀರಾತಿನ ಹಣವನ್ನೂ ಗಳಿಸಬಹುದಾಗಿದೆ. ಆದರೆ ಒಂದು ಲೆಕ್ಕ ಮಾಡಿರಿ. ಬಯಲಿನ ತಂಡದಲ್ಲಿರುವವರು ನೂರರ ಆಸುಪಾಸು, ನೋಡುವವರು ಲಕ್ಷ. ನೋಡುವುದರಿಂದ ಅಭಿಮಾನ ಬೆಳೆಯಬಹುದು, ಮೈಯಂತೂ ಬೆಳೆಯುವುದಿಲ್ಲ. ಅಲ್ಲಿಯ ಜನ ಇದನ್ನು ಅರಿಯದವರಲ್ಲ. ಅದೇ ಮಿಷಿಗನ್ನಿನಲ್ಲಿ 1913ರಲ್ಲಿಯೇ, ದೊಡ್ಡ ತಂಡಕ್ಕೆ ಆಯ್ಕೆಯಾಗದ ಸಾಮಾನ್ಯ ವಿದ್ಯಾರ್ಥಿಗಳು ತಮ್ಮತಮ್ಮೊಳಗೆ ಆಡುವುದಕ್ಕೆಂದು ಪ್ರತ್ಯೇಕ ವಿಭಾಗವನ್ನು ತೆರೆದಿದ್ದರು. ಅವರಿಂದ ನಾವು ಕಲಿಯಬೇಕಾದುದು ಲಕ್ಷ ಆಸನಗಳ ವೈಭವವನ್ನಲ್ಲ, ಈ ಎರಡನೆಯದನ್ನು.

ನಮ್ಮ ರಾಜ್ಯದಲ್ಲಿಯೂ ಆಟಕ್ಕೆ ಹೆಸರಾದ ಸಂಸ್ಥೆಗಳಿವೆ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಉಚಿತವಾಗಿ ಕೊಡುತ್ತದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ಮೂಡುಬಿದಿರೆಯಲ್ಲಿಯೇ ಜರುಗಿ, ಮಂಗಳೂರು ವಿಶ್ವವಿದ್ಯಾಲಯವು ಸಮಗ್ರ ಪ್ರಶಸ್ತಿ ಪಡೆಯಿತು. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಆತಿಥ್ಯ ವಹಿಸಿ, ಪದಕಪಟ್ಟಿಯಲ್ಲಿಯೂ ಮೊದಲನೆಯದಾಯಿತು. ಮಗುವಿಗೆ ರಾಜ್ಯಮಟ್ಟದ ಶಕ್ತಿಯಿದ್ದರೆ, ತರಬೇತುದಾರರು ಅದನ್ನು ಒಪ್ಪಿದ್ದರೆ, ಇಂಥ ಕಡೆಗೆ ಕಳುಹಿಸಲು ಹಿಂದೆಮುಂದೆ ನೋಡಬೇಕಾಗಿಲ್ಲ.

ಆಟವೂ ಓದೂ ಒಂದೇ ಹೆಗಲಿನ ಮೇಲೆ ಕುಳಿತ ಉದಾಹರಣೆಗಳೂ ನಮ್ಮಲ್ಲಿಯೇ ಇವೆ. ವೇಗದ ಬೌಲರ್ ಜಾವಗಲ್ ಶ್ರೀನಾಥರು ಓದಿದ್ದು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1963ರಲ್ಲಿ ಆರಂಭಿಸಿದ ಕಾಲೇಜದು. 1989ರಲ್ಲಿ ಕರ್ನಾಟಕದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಅವರು ನಮ್ಮ ನೆರೆಯ ಹೈದರಾಬಾದ್ ತಂಡದ ವಿರುದ್ಧ ಹ್ಯಾಟ್ರಿಕ್ ಪಡೆದರು. ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ ಪಡೆದ ಅನಿಲ್ ಕುಂಬ್ಳೆಯವರು ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಪದವೀಧರರು. ಖೋಖೋ ಆಟದಲ್ಲಿ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿಗೆ ಖೋಖೋ ಏತಕ್ಕೆಂದು ಕೇಳುವವರಿಗೆ ಅವರೇ ಉತ್ತರ.

ಆದರೆ ಶ್ರೀನಾಥ, ಕುಂಬ್ಳೆ, ಚೈತ್ರಾ ಅವರ ಹೆಸರು ಹೇಳಿ ನಿಮ್ಮ ಮಕ್ಕಳ ಭವಿಷ್ಯವನ್ನು ನಿರ್ಧರಿಸಲು ನಾವು ಹೇಳುವುದಿಲ್ಲ. ಅಂಥವರು ಲಕ್ಷಕ್ಕೊಬ್ಬರು. ಕಪಾಟಿನ ಫಲಕಗಳನ್ನು ನೋಡಿ ಮರುಳಾಗಿ ಎಡವಿದವರನ್ನೂ ನಾವು ಕಂಡಿದ್ದೇವೆ. ಹೆಸರುವಾಸಿ ತಂಡವಿರುವ ಕಾಲೇಜೆಂದು ಸೇರಿ, ಆಯ್ಕೆಯ ದಿನ ನೂರಾರು ಹುಡುಗರ ನಡುವೆ ಹಿಂದೆ ಬಿದ್ದು, ಅತ್ತ ತಂಡವೂ ಇಲ್ಲದೆ ಇತ್ತ ಹಾಜರಾತಿಯೂ ಇಲ್ಲದೆ ಪರೀಕ್ಷೆಗೆ ಕೂಡಲಾಗದವರುಂಟು. ಮೊಣಕಾಲು ಪೆಟ್ಟಾದೊಡನೆ ಕಾಲೇಜೇ ಬೇಸರವಾದವರುಂಟು. ಕಪಾಟಿನಲ್ಲಿರುವ ಫಲಕ ಹಿಂದಿನವರು ಗೆದ್ದದ್ದು. ಅದು ನಿಮ್ಮ ಮಗುವಿಗೆ ಬಯಲಿನಲ್ಲಿ ಜಾಗ ಕೊಡುತ್ತದೆಂಬ ಭರವಸೆಯಲ್ಲ. ಎಷ್ಟು ಜನ ಗೆದ್ದರೆಂಬುದಕ್ಕಿಂತ ಎಷ್ಟು ಜನ ಆಡುತ್ತಾರೆಂಬುದೇ ಕ್ರೀಡಾ ಸಂಸ್ಕೃತಿಯ ಸರಿಯಾದ ಅಳತೆಗೋಲು.

ಅಭಿಮಾನಕ್ಕೆ ಫಲಕವೇ ಬೇಕಾಗಿಲ್ಲವೆಂಬುದನ್ನು ನಮ್ಮ ಜಿಲ್ಲೆಯ ಇತಿಹಾಸವೇ ತಿಳಿಸುತ್ತದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಇಲ್ಲಿಯ ಪ್ರತಿ ಮನೆಯವರೂ ಬಲ್ಲರು. ಆ ಶಾಲೆಗೆ ಕ್ರೀಡಾಂಗಣದ ವೈಭವವಿರಲಿಲ್ಲ. ಆದರೆ ಅಲ್ಲಿ ಕುಳಿತ ಮಕ್ಕಳಿಗೆ ಇದು ನಮ್ಮದೆಂಬ ಅರಿವಿತ್ತು.

ನಮ್ಮ ಹಿರಿಯರಿಗೆ ಕಾಲೇಜನ್ನು ಆರಿಸುವ ಕಷ್ಟವೇ ಇರಲಿಲ್ಲ. ಆರಿಸಲು ಬಹಳ ಇರಲಿಲ್ಲವೆಂಬುದೇ ಕಾರಣ. 1918ರಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಆಗ ನಮ್ಮವರಿಗೆ ದೊಡ್ಡ ಆಸರೆ, ಪಾಠವೆಲ್ಲ ಉರ್ದುವಿನಲ್ಲಿ. 1958ರಲ್ಲಿ ಮಹಾದೇವಪ್ಪ ರಾಂಪೂರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಿತು. ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಗೆ ಬಂದು, ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ರಾಜ್ಯದ ಉಳಿದ ಭಾಗದಲ್ಲಿ ಶೇಕಡಾ 8ರಷ್ಟು ಸ್ಥಾನಗಳು ಮೀಸಲಾದವು. 2017ರ ಅಕ್ಟೋಬರ್ 29ರಂದು ಹುಮನಾಬಾದದ ಮೂಲಕ ಹೋಗುವ ಬೀದರ-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ಹುಮನಾಬಾದದಲ್ಲಿಯೂ ಬಸವಕಲ್ಯಾಣದಲ್ಲಿಯೂ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹೀಗೆ ಬಾಗಿಲುಗಳು ಹೆಚ್ಚಾದಾಗ ಯಾವ ಬಾಗಿಲೆಂಬ ವಿವೇಕವೂ ಹೆಚ್ಚಾಗಬೇಕು. ದೂರದ್ದೆಲ್ಲ ಒಳ್ಳೆಯದು, ಹತ್ತಿರದ್ದೆಲ್ಲ ಹಗುರವೆಂಬ ಭ್ರಮೆ ಮೊದಲು ಹೋಗಬೇಕು.

ಹಾಗಾದರೆ ತೂಗುವುದು ಹೇಗೆ? ನಮ್ಮ ಅಲ್ಪಮತಿಗೆ ತೋಚಿದ್ದನ್ನು ಹೇಳುತ್ತೇವೆ. ಮೊದಲಿಗೆ ಮಗು ಓದಬಯಸುವ ವಿಷಯ, ಅದನ್ನು ಕಲಿಸುವ ಅಧ್ಯಾಪಕರು. ಎರಡನೆಯದು ಮನೆಯ ಶಕ್ತಿ; ಸಾಲ ಮಾಡಿ ವೈಭವಕ್ಕೆ ಸೇರಿಸಬೇಡಿರಿ. ಮೂರನೆಯದು ಬಯಲು ಮತ್ತು ಬಯಲಿನ ಸುತ್ತಲಿನ ಬಾಳು. ಮೂರನೆಯದೆಂದರೆ ಬಿಡಬಹುದಾದದ್ದೆಂದು ತಿಳಿಯಬೇಡಿರಿ. ಮೊದಲೆರಡು ಸರಿಯಿದ್ದೂ ಮೂರನೆಯದು ಶೂನ್ಯವಾಗಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಓಣಿಯ ಹುಡುಗ ನಮಗೆ ಕಲಿಸಿದ್ದಾನೆ.

ಬಯಲನ್ನು ಪರೀಕ್ಷಿಸುವುದಕ್ಕೆ ವಿಶೇಷ ಪಾಂಡಿತ್ಯ ಬೇಕಾಗಿಲ್ಲ. ವಾರ್ಷಿಕೋತ್ಸವದ ದಿನ ಹೋಗಬೇಡಿರಿ. ಯಾವುದಾದರೊಂದು ಸಾಮಾನ್ಯ ದಿನ ಸಂಜೆ ಐದು ಗಂಟೆಗೆ ಹೋಗಿರಿ. ಆ ಹೊತ್ತಿಗೆ ಬಯಲಿನಲ್ಲಿ ಯಾರಿದ್ದಾರೆ? ಹುಲ್ಲು ಮೊಣಕಾಲೆತ್ತರ ಬೆಳೆದಿದೆಯೋ, ಕಾಲು ತುಳಿದು ನೆಲ ಸವೆದಿದೆಯೋ? ಸವೆದ ನೆಲವೇ ಉತ್ತಮ ಪ್ರಮಾಣಪತ್ರ. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಯಲ್ಲಿ ಒಬ್ಬರು ನಿಜವಾಗಿಯೂ ಇದ್ದಾರೆಯೇ, ಅಥವಾ ಬೇರೆ ವಿಷಯದ ಅಧ್ಯಾಪಕರಿಗೆ ಹೆಚ್ಚುವರಿ ಹೊರೆಯಾಗಿದೆಯೇ ಎಂಬುದನ್ನು ಕೇಳಿರಿ. ಕಳೆದ ವರ್ಷ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿಗೆ ಎಷ್ಟು ಆಟಗಳಲ್ಲಿ ತಂಡ ಕಳುಹಿಸಿದ್ದರೆಂದು ಕೇಳಿರಿ. ಗೆದ್ದರೋ ಸೋತರೋ ಅದು ಆಮೇಲಿನ ಮಾತು. ಕಾಲೇಜುಗಳ ಮೌಲ್ಯಮಾಪನಕ್ಕೆಂದು 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಗೆ ಕಾಲೇಜು ಸಲ್ಲಿಸಿದ ಸ್ವಾಧ್ಯಯನ ವರದಿಯಿದ್ದರೆ ಅದನ್ನು ತೆಗೆಸಿ ನೋಡಿರಿ. ಏಳು ಮಾನದಂಡಗಳ ಆ ವರದಿಯಲ್ಲಿ ಐದನೆಯದು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಆಟೋಟ, ಸಾಂಸ್ಕೃತಿಕ ಚಟುವಟಿಕೆಗಳ ಲೆಕ್ಕ ಅಲ್ಲಿರುತ್ತದೆ. ನೀವು ಕಟ್ಟುವ ಶುಲ್ಕದ ರಸೀದಿಯಲ್ಲಿ ಕ್ರೀಡಾ ಶುಲ್ಕವೆಂಬ ಒಂದು ಸಾಲಿದ್ದರೆ, ಅದು ಯಾವ ಚೆಂಡಾಗಿ, ಯಾವ ಬಲೆಯಾಗಿ ಬಯಲಿಗೆ ಬರುತ್ತದೆಂದು ಕೇಳುವುದು ಅವಿನಯವಲ್ಲ.

ವೇಳಾಪಟ್ಟಿಯನ್ನೂ ನೋಡಿರಿ. ವಿಜ್ಞಾನದ ಪ್ರಯೋಗಶಾಲೆ ಸಂಜೆಯ ವರೆಗೆ ನಡೆಯುವುದಾದರೆ ಆಟಕ್ಕೆ ಬಿಡುವೆಲ್ಲಿ? ಪಂದ್ಯಕ್ಕೆ ಹೋದ ವಿದ್ಯಾರ್ಥಿಯ ತಪ್ಪಿದ ಪ್ರಯೋಗಗಳನ್ನು ಮತ್ತೆ ಮಾಡಿಸುವವರು ಯಾರು? ಪ್ರಾಚಾರ್ಯರು ಇದಕ್ಕೆ ತಡವರಿಸದೆ ಉತ್ತರ ಹೇಳಿದರೆ ಆ ಕಾಲೇಜಿನಲ್ಲಿ ಓದೂ ಆಟವೂ ಒಂದನ್ನೊಂದು ಬಲ್ಲವೆಂದು ತಿಳಿಯಿರಿ. ಮಗುವಿನ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿರಿ. ಕ್ರೀಡಾ ಕೋಟಾದ ಪ್ರವೇಶಕ್ಕೆ ಕಾಗದವೇ ಸಾಕ್ಷಿ; ಟ್ರಂಕಿನ ತಳದಲ್ಲಿ ಗೆದ್ದಲು ತಿಂದ ಮೇಲೆ ಅಳುವುದರಿಂದ ಫಲವಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು. ಅನೇಕ ಕಡೆ ಬಯಲಿರುತ್ತದೆ, ಆದರೆ ಅದು ಹುಡುಗರ ಕ್ರಿಕೆಟ್ಟಿಗೆ ಬರೆದುಕೊಟ್ಟಂತಿರುತ್ತದೆ. ಹುಡುಗಿಯರಿಗೆಂದು ನಿಗದಿಯಾದ ಹೊತ್ತು ಉಂಟೆ? ಉಡುಪು ಬದಲಿಸಲು ಕೋಣೆ, ಶೌಚಾಲಯ, ನೀರು ಉಂಟೆ? ಹೊರ ಊರಿನ ಪಂದ್ಯಕ್ಕೆ ಹೋಗುವಾಗ ಅಧ್ಯಾಪಿಕೆಯೊಬ್ಬರು ಜೊತೆಗಿರುತ್ತಾರೆಯೆ? ಕತ್ತಲಾದ ಮೇಲೆ ಬಯಲಿನಿಂದ ವಸತಿಗೃಹದ ವರೆಗಿನ ದಾರಿಯಲ್ಲಿ ದೀಪ ಉಂಟೆ? ಇವು ಸಣ್ಣ ಪ್ರಶ್ನೆಗಳಲ್ಲ. ಇವಕ್ಕೆ ಉತ್ತರವಿಲ್ಲದ ಕಡೆ ಹುಡುಗಿಯರು ಮೊದಲ ವರ್ಷದಲ್ಲಿಯೇ ಆಟ ಬಿಡುತ್ತಾರೆ. ನಾವು ಮಾತ್ರ ‘ಅವಳಿಗೆ ಆಸಕ್ತಿ ಹೋಯಿತು’ ಎನ್ನುತ್ತೇವೆ. ಅನುಭವ ಮಂಟಪದಲ್ಲಿ ಅಕ್ಕಂದಿರಿಗೆ ಸಮಾನವಾದ ಆಸನವಿತ್ತೆಂದು ವೇದಿಕೆಯ ಮೇಲೆ ಹೇಳುವ ನಾವು, ಬಯಲಿನಲ್ಲಿ ಮಗಳಿಗೆ ಜಾಗವಿದೆಯೇ ಎಂದು ನೋಡಬೇಡವೆ?

ಕೊನೆಯದಾಗಿ, ಯಾವ ತಂಡದಲ್ಲಿಯೂ ಇಲ್ಲದ ಒಬ್ಬ ಸಾಮಾನ್ಯ ವಿದ್ಯಾರ್ಥಿಯನ್ನು ನಿಲ್ಲಿಸಿ ಮಾತನಾಡಿಸಿರಿ. ಸಂಜೆ ಏನು ಮಾಡುತ್ತೀಯೆಂದು ಕೇಳಿರಿ. ಹೆಸರಾಂತ ಆಟಗಾರನಿಗೆ ಎಲ್ಲೆಡೆಯೂ ಜಾಗ ಸಿಗುತ್ತದೆ; ಸಾಮಾನ್ಯನಿಗೆ ಜಾಗ ಸಿಕ್ಕಿದೆಯೇ ಎಂಬುದರಲ್ಲಿ ಕಾಲೇಜಿನ ನಿಜವಾದ ಗುಣವಿದೆ. ಆಟ ಬಾರದ ಮಗುವಿನ ಪಾಲಕರು ಈ ಲೇಖನ ತಮಗಲ್ಲವೆಂದು ಪುಟ ತಿರುವದಿರಲಿ. ಗೆರೆ ಎಳೆಯುವವನಿಗೂ, ಎಣಿಕೆ ಹೇಳುವವಳಿಗೂ, ದಡದಲ್ಲಿ ನಿಂತು ಹೆಸರು ಹಿಡಿದು ಕೂಗುವವರಿಗೂ ಬಯಲೇ ಕೂಡುವ ಸ್ಥಳ. ಸಂಜೆ ಐದಕ್ಕೆ ಬಯಲಿನಲ್ಲಿ ನಿಲ್ಲುವ ಅಧ್ಯಾಪಕರಿರುವ ಕಾಲೇಜಿನಲ್ಲಿ, ವಿದ್ಯಾರ್ಥಿಯೊಬ್ಬ ಮೂರು ದಿನ ಕಾಣದಿದ್ದರೆ ‘ಎಲ್ಲಿ ಹೋದ?’ ಎಂದು ಕೇಳುವವರಿರುತ್ತಾರೆ. ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ನಮ್ಮ ಓಣಿಯ ಹುಡುಗ ಗೋಡೆ ನೋಡುತ್ತ ಕುಳಿತುಕೊಳ್ಳುತ್ತಿರಲಿಲ್ಲ.

ಹುಮನಾಬಾದದ ತಂದೆಗೆ ನಾವು ಹೇಳಿದ್ದು ಇಷ್ಟೇ: “ನಾವು ಹೇಳುವುದಕ್ಕಿಂತ ನೀವು ನೋಡುವುದು ಮೇಲು. ಎರಡೂ ಕಾಲೇಜಿಗೆ ಸಂಜೆ ಐದಕ್ಕೆ ಹೋಗಿ, ಬಯಲು ನೋಡಿಕೊಂಡು ಬನ್ನಿರಿ. ಪ್ರಯೋಗಶಾಲೆಯನ್ನೂ ನೋಡಿರಿ.” ಅವರು ಅಂಗಡಿಗೆ ಒಂದು ದಿನ ಬೀಗ ಹಾಕಿ ಮಗಳನ್ನು ಕರೆದುಕೊಂಡು ಹೋದರು. ಆಮೇಲೆ ಬಂದು ಹೇಳಿದರು. ಮೊದಲನೆಯ ಕಾಲೇಜಿನ ಪ್ರಯೋಗಶಾಲೆ ಕನ್ನಡಿಯಂತಿತ್ತು. ಬಯಲಿನ ಗೇಟಿಗೆ ಬೀಗವಿತ್ತು. ಕ್ರೀಡಾಕೂಟದ ದಿನ ತೆಗೆಯುತ್ತೇವೆಂದು ಕಾವಲುಗಾರ ಹೇಳಿದ. ಎರಡನೆಯ ಕಾಲೇಜಿನ ಪ್ರಯೋಗಶಾಲೆ ಸಾಧಾರಣ. ಬಯಲಿನಲ್ಲಿ ಕಲ್ಲುಗಳಿದ್ದವು, ಖೋಖೋ ಕಂಬದ ಬಣ್ಣ ಹೋಗಿತ್ತು. ಆದರೆ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಹುಡುಗಿಯರು ಅಲ್ಲಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅಧ್ಯಾಪಿಕೆಯೊಬ್ಬರು ಸೀಟಿ ಊದುತ್ತಿದ್ದರು. ಆಟದಿಂದ ಹೊರಗೆ ಕಲ್ಲಿನ ಮೇಲೆ ಕುಳಿತು ವಹಿಯಲ್ಲಿ ಅಂಕ ಬರೆಯುತ್ತಿದ್ದ ಕನ್ನಡಕದ ಹುಡುಗಿಯನ್ನು ತಂದೆ ಮಾತನಾಡಿಸಿದರು. ಅವಳು ಭೌತಶಾಸ್ತ್ರದ ವಿದ್ಯಾರ್ಥಿನಿ. ಓಡಲು ಬಾರದು, ಬರೆಯಲು ದಿನವೂ ಬರುತ್ತಾಳೆ.

ತಂದೆಗೆ ಅನುಮಾನ ಪೂರ್ತಿ ಹೋಗಿರಲಿಲ್ಲ. ಪ್ರಯೋಗಶಾಲೆಯ ಚಿಂತೆ ನಮಗೂ ಇತ್ತು, ಅದನ್ನು ಮುಚ್ಚಿಡಲಿಲ್ಲ. ಕೊಂಚ ಕಡಿಮೆಯ ಪ್ರಯೋಗಶಾಲೆಯನ್ನು ಹೆಚ್ಚಿನ ಓದಿನಿಂದ ತುಂಬಿಕೊಳ್ಳಬಹುದು, ಬೀಗ ಹಾಕಿದ ಬಯಲನ್ನು ಹುಡುಗಿಯೊಬ್ಬಳು ತೆರೆಯಲಾರಳೆಂದೆವು. ಅವಳನ್ನು ಎರಡನೆಯ ಕಾಲೇಜಿಗೆ ಸೇರಿಸಿದರು.

ಒಂದು ವರ್ಷ ಕಳೆಯಿತು. ಮೊನ್ನೆ ಹುಮನಾಬಾದದ ಬಸ್ ನಿಲ್ದಾಣದಲ್ಲಿ ತಂದೆ ಸಿಕ್ಕರು. ಮಗಳ ಸಮಾಚಾರ ಕೇಳಿದೆವು. ಮೊದಲ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರದ ಅಂಕ ಇಳಿದಿತ್ತು, ಎರಡನೆಯದರಲ್ಲಿ ಏರಿತು. ಕಾಲೇಜಿನ ಖೋಖೋ ತಂಡದ ಹನ್ನೆರಡು ಜನರಲ್ಲಿ ಅವಳ ಹೆಸರು ಇನ್ನೂ ಬಂದಿಲ್ಲ. ಅಭ್ಯಾಸಕ್ಕೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಇಷ್ಟು ಹೇಳಿ ಅವರು ಬಸ್ಸಿನ ಕಡೆ ತಿರುಗಿದವರು ನಿಂತು ನಕ್ಕರು.

“ತಂಡದಾಗ ನಂಬರ್ ಇನ್ನೂ ಹತ್ತಿಲ್ಲರಿ ಗುರುಗಳೆ. ಆದರ ಊರಿಗಿ ಬಂದ್ರ ಎರಡು ದಿನ ನಿಲ್ಲಂಗಿಲ್ಲ. ತಿರುಗಿ ಹೋಗಲಿಕ್ಕ ಗಡಬಡ ಮಾಡತಾಳ.”

ಆ ಮಾತು ಕೇಳಿ ನಮಗೆ ದಸರೆಗೆ ಬಂದು ತಿರುಗಿ ಹೋಗದ ಇನ್ನೊಬ್ಬನ ನೆನಪಾಯಿತು. ಪಾಲಕರೆ, ಈ ಸಲ ಅಂಕಪಟ್ಟಿ ಹಿಡಿದು ಹೊರಡುವ ಮೊದಲು ಮಗುವನ್ನು ಕೂಡಿಸಿಕೊಂಡು, ಸಂಜೆ ಏನು ಮಾಡುತ್ತೀಯೆಂದು ಒಮ್ಮೆ ಕೇಳಿರಿ. ಕೇಳಿದ ಮೇಲೆ ಹೋಗಿ ಬಯಲನ್ನು ನೋಡಿರಿ.